ಒಳಗೆ ಬರುವವರ ಜೇಬು

ಮಿಂಚು ಬಡಿದು ಕಂಪ್ಯೂಟರ್ ಸುಟ್ಟುಹೋಗಬಹುದಿತ್ತು. ಚಿನ್ನದ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಬೂದಿಯಂಥ ಪುಡಿ ಆಷಾಢದ ಗಾಳಿಗೆ ಎದ್ದು, ಕಿಟಕಿಯ ಸಂದಿಯಲ್ಲಿ ನುಗ್ಗಿ, ಯಂತ್ರದ ಗಂಟಲು ಕಟ್ಟಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಹೆಂಚು ಸೋರಬಹುದಿತ್ತು, ಅದೂ ಬೇರೆಲ್ಲೂ ಅಲ್ಲ, ಸರಿಯಾಗಿ ಮಾನಿಟರಿನ ನೆತ್ತಿಯ ಮೇಲೆ. ಕ್ಯಾಸಂಬಳ್ಳಿ ಬಸ್ಸು ಕೆಟ್ಟು ರತ್ನಮ್ಮ ಬಾರದೇ ಹೋಗಬಹುದಿತ್ತು. ಬಂಗಾರಪೇಟೆಯಿಂದ ಹೊರಡುವ ನನ್ನ ರೈಲು ಕೋರಮಂಡಲ್‌ನಲ್ಲಿ ನಿಲ್ಲದೆ ಮುಂದಕ್ಕೆ ಓಡಿಬಿಡಬಹುದಿತ್ತು. ಅದು ಎಂದೂ ಹಾಗೆ ಮಾಡಿರಲಿಲ್ಲ ನಿಜ, ಆದರೆ ಎಂದೂ ಮಾಡದ್ದನ್ನು ಒಂದು ದಿನ ಮಾಡಿಯೇ ಮಾಡುತ್ತದೆ ಎಂಬುದು ನನ್ನ ನಂಬಿಕೆ. ನನಗೆ ಕಾಮಾಲೆ ಬರಬಹುದಿತ್ತು. ಪ್ರಿಂಟರಿನ ರಿಬ್ಬನ್ ಕೊನೆಯ ಪುಟದಲ್ಲಿ ಕೈಕೊಡಬಹುದಿತ್ತು. ವೈರಸ್ ಮತ್ತೊಮ್ಮೆ ಬರಬಹುದಿತ್ತು. ಬಂದದ್ದು ನಮಗೆ ತಿಳಿಯದೆಯೂ ಇರಬಹುದಿತ್ತು. ತಿಳಿದ ಮೇಲೆ ಮಾಲೀಕರು ನನ್ನನ್ನು ಮರಳಿ ಸ್ಟೋರಿಗೆ, ನಟ್ಟು ಬೋಲ್ಟುಗಳ ಡಬ್ಬಿಗಳ ನಡುವೆ ಕೂರಿಸಬಹುದಿತ್ತು.

ಇದಿಷ್ಟನ್ನೂ, ಇನ್ನಷ್ಟನ್ನೂ, ಆ ವರ್ಷ ಒಂದು ಪಾಕೆಟ್ ಡೈರಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಟ್ಟುಕೊಂಡಿದ್ದೆ. ಉಳಿದವರು ದಿನಕ್ಕೊಮ್ಮೆ ದೇವರ ಸ್ತೋತ್ರ ಓದುವ ಹಾಗೆ ರೈಲಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿಕೊಳ್ಳುತ್ತಿದ್ದೆ. ಡೈರಿ ಎಂದೋ ಕಳೆದುಹೋಯಿತು. ಕಳೆದುಹೋಗಬಹುದು ಎಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಮೊನ್ನೆ ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯಾಕೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಫೋನಿನ ಒಳಗನ್ನು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತೇಳರ ಪ್ರಾಯದವನಾಗಿ ಕೋರಮಂಡಲ್‌ನಲ್ಲಿದ್ದೆ. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ, ವಾರಕ್ಕೊಮ್ಮೆ ಹೀಗೇ ಒರೆಸುತ್ತಿದ್ದ ಫ್ಲಾಪಿ ಡ್ರೈವಿನ ವಾಸನೆ. ಫ್ಲಾಪಿ ನೋಡದವರಿಗಾಗಿ ಹೇಳುತ್ತೇನೆ: ಅಂಗೈಗಿಂತ ಚೂರು ದೊಡ್ಡದಾದ, ಹಪ್ಪಳದಂತೆ ಬಾಗುವ ಕಪ್ಪು ಚೌಕ ಅದು. ಒಂದು ಕಂಪ್ಯೂಟರಿನ ಬರಹ ಇನ್ನೊಂದಕ್ಕೆ ಹೋಗಬೇಕಾದರೆ ಆಗ ಅದರ ಮೇಲೆ ಕೂತೇ ಹೋಗಬೇಕಿತ್ತು. ರೋಗವೂ ಅದರ ಮೇಲೆ ಕೂತೇ ಬರುತ್ತಿತ್ತು.

ತೊಂಬತ್ತರ ದಶಕದ ಆರಂಭ. ನಮ್ಮದು ಬಂಡೆ ಕೊರೆಯುವ ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಎಂಬತ್ತು ಜನ ಕೆಲಸಗಾರರು, ಒಂದೇ ಒಂದು ಒಳ್ಳೆಯ ಕಂಪ್ಯೂಟರು. ಮಾಲೀಕರು ರಾಘವುಲು. ಮನೆಮಾತು ತೆಲುಗು, ಸಿಟ್ಟು ಬಂದರೆ ತೆಲುಗು, ತಮಿಳು, ಕನ್ನಡ ಮೂರೂ. ಆರು ತಿಂಗಳ ಕೋರ್ಸು ಮಾಡಿದ್ದೆ ಎಂಬ ಏಕೈಕ ಕಾರಣಕ್ಕೆ ಸ್ಟೋರ್ ಗುಮಾಸ್ತನಾಗಿದ್ದ ನನ್ನನ್ನು ಅವರು ಕಂಪ್ಯೂಟರ್ ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದರು. ಅಲ್ಲಿ ಕೂತು ಟೈಪ್ ಮಾಡುತ್ತಿದ್ದವಳು ರತ್ನಮ್ಮ. ಕ್ಯಾಸಂಬಳ್ಳಿಯವಳು, ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹಿಡಿದು ಬರುವವಳು. ಎರಡು ವರ್ಷದಿಂದ ಟೆಂಪರರಿ. ಅವಳ ಊರಿನಲ್ಲಿ ಮೂವರು ರತ್ನಮ್ಮಂದಿರಿದ್ದುದರಿಂದ ಇವಳನ್ನು ಗುರುತಿಗೆ 'ಟೆಂಪ್ರವರಿ ರತ್ನಮ್ಮ' ಎಂದೇ ಕರೆಯುತ್ತಿದ್ದರಂತೆ.

ಆ ವರ್ಷ ಒಂದು ದೊಡ್ಡ ಗಿರಾಕಿ ಕಂಪನಿ ನಮ್ಮಿಂದ ಮಾಲು ಕೊಳ್ಳುವ ಮನಸ್ಸು ಮಾಡಿತ್ತು. ಆದರೆ ನಮ್ಮ ಸಾವಿರಾರು ಬಿಡಿಭಾಗಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರಬೇಕು, ಯಾವ ನಂಬರು ಕೇಳಿದರೂ ಕೂಡಲೇ ಸಿಗಬೇಕು ಎಂಬುದು ಅವರ ಷರತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನೋಡಲು ಬರುತ್ತೇವೆ ಎಂದರು. ರಾಘವುಲು ರತ್ನಮ್ಮನನ್ನು ಕರೆದು, "ನೋಡಮ್ಮಾ, ಪಟ್ಟಿ ಮುಗಿಸು, ಅವರು ಒಪ್ಪಲಿ, ಅವತ್ತೇ ನಿನ್ನ ಪರ್ಮನೆಂಟ್ ಮಾಡ್ತೀನಿ. ಆಗಲಿಲ್ಲ ಅಂದ್ರೆ ಇಬ್ಬರು ಕೂರೋ ಕೆಲಸ ಆ ರೂಮಲ್ಲಿ ಇಲ್ಲ" ಎಂದರು. ಅವಳು ಟೈಪ್ ಮಾಡತೊಡಗಿದಳು. ಗ್ರೀಸು ಮೆತ್ತಿದ ಹಳೆಯ ರಿಜಿಸ್ಟರುಗಳನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿಗೊಮ್ಮೆ ನಂಬರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಒಂದೂವರೆ ತಿಂಗಳು.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಯಂತ್ರ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು. ಒಂದೂವರೆ ತಿಂಗಳ ದುಡಿಮೆ ಮಾಯ. ವೈರಸ್.

ಅದು ಯಾರ ಫ್ಲಾಪಿಯಿಂದ ಬಂತು ಎಂದು ರಾಘವುಲು ಇಡೀ ಕಾರ್ಖಾನೆಯನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ನಾನೂ ಒಪ್ಪಿಕೊಳ್ಳಲಿಲ್ಲ, ಮತ್ತು ತಂದವನು ನಾನೇ. ಆಂಡರ್ಸನ್‌ಪೇಟೆಯ ಗೆಳೆಯನೊಬ್ಬ ಜಾತಕ ನೋಡುವ ಪ್ರೋಗ್ರಾಮಿನ ಫ್ಲಾಪಿ ಕೊಟ್ಟಿದ್ದ. ಈ ವರ್ಷ ನನಗೆ ಕೆಟ್ಟದ್ದೇನಾದರೂ ಕಾದಿದೆಯೇ ಎಂದು ನೋಡಲು ಅದನ್ನು ಯಂತ್ರಕ್ಕೆ ತುರುಕಿದ್ದೆ. ಕಾದಿರಲಿಲ್ಲ, ಫ್ಲಾಪಿಯಲ್ಲೇ ಇತ್ತು.

ಒಂದು ವಾರ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಊಟದ ಹೊತ್ತಿನಲ್ಲಿ, ರತ್ನಮ್ಮ ಮುದ್ದೆಯ ಡಬ್ಬಿ ಬಿಚ್ಚುತ್ತಿದ್ದಾಗ, ತಲೆ ತಗ್ಗಿಸಿ ಹೇಳಿಬಿಟ್ಟೆ. ಅವಳು ಉಪ್ಪಿನಕಾಯಿ ನೆಕ್ಕುತ್ತ, "ಗೊತ್ತು ಸಾ" ಎಂದಳು.

"ಗೊತ್ತಾ? ಹೇಗೆ?"

"ಇಂದ್ಲ ದಿನ ನೀವೇ ನನ್ನ ಉಟ್ಟಿದ ದಿನ, ಗಳಿಗೆ ಎಲ್ಲಾ ಕೇಳಿದ್ರಲ್ಲ. ರತ್ನಮ್ಮಾ, ನಿಂಗೆ ಶುಕ್ರ ಚೆನ್ನಾಗವ್ನೆ, ಈ ವರ್ಷ ಏಳ್ಗೆ ಅಂದ್ರಿ." ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. "ಏಳ್ಗೇನೇ ಬಂತು ಬಿಡಿ. ಆದ್ರೆ ಸಾ, ಇನ್ನೊಂದ್ ಸತಿ ಇಂಗಾದ್ರೆ ನಾನು ಮನೇಗೋಗಿ ಸೊಪ್ಪು ಮಾರ್ಬೇಕಾಯ್ತದೆ. ಅದನ್ನ ನೋಡ್ಕಳಿ."

ಆ 'ನೋಡ್ಕಳಿ' ನನ್ನ ಡೈರಿಯ ಎಲ್ಲ ಬಾಬತ್ತುಗಳಿಗಿಂತ ಭಾರವಾಗಿತ್ತು.

ಮರುದಿನವೇ ಮಾಲೀಕರ ಮುಂದೆ ನಿಂತು, ಬೆಂಗಳೂರಿನಿಂದ ಇಂಥಿಂಥ ರಕ್ಷಣೆಯ ಸಾಮಾನು ತರಿಸಬೇಕು ಎಂದು ಒಂದು ಪುಟದ ಪಟ್ಟಿ ಕೊಟ್ಟೆ. ಅವರು ಅದನ್ನು ಓದಲೂ ಇಲ್ಲ.

"ಏಮಯ್ಯಾ ವಾಸೂ, ಇನ್ನೂ ಏನು ತರಿಸೋದು? ಆ ಯಂತ್ರ ಮಾರಿದವನು ಇವೆಲ್ಲಾ ಆವಾಗಲೇ ಕೊಟ್ಟು ಹೋಗಿದ್ದಾನೆ. ಬೀರುನಲ್ಲಿ ನಿದ್ದೆ ಹೊಡೀತಾ ಇವೆ. ಮೊದಲು ಅವನ್ನ ಎಬ್ಬಿಸು, ಪೋ!"

ಬೀರು ತೆರೆದೆ. ಆ ದಿನದ ಸಂಕಟ ನನಗೆ ಇಂದೂ ನೆನಪಿದೆ, ಏಕೆಂದರೆ ಅದು ಅರ್ಧ ಗಂಟೆಯಲ್ಲಿ ಉತ್ಸಾಹವಾಗಿ ತಿರುಗಿತ್ತು. ವೈರಸ್ ಹಿಡಿಯುವ ಪ್ರೋಗ್ರಾಮಿನ ಡಬ್ಬ ಅಲ್ಲಿತ್ತು. ಮೇಲಿನ ಪ್ಲಾಸ್ಟಿಕ್ ಕಾಗದವನ್ನೂ ಹರಿದಿರಲಿಲ್ಲ, ಹರಿದರೆ ಗ್ಯಾರಂಟಿ ಹೋಗುತ್ತದೆ ಎಂದು ಜಾಗ್ರತೆ ಮಾಡಿದವನು ನಾನೇ. ಫ್ಲಾಪಿಯ ಅಂಚಿನ ಕಚ್ಚಿಗೆ ಅಂಟಿಸಿದರೆ ಅದರ ಮೇಲೆ ಯಾರೂ ಏನೂ ಬರೆಯಲಾಗದಂತೆ ತಡೆಯುವ ಬೆಳ್ಳಿ ಬಣ್ಣದ ಚೀಟಿಗಳ ಹಾಳೆ ಅರ್ಧ ಖಾಲಿಯಾಗಿತ್ತು. ಖುಷಿಯಾಯಿತು, ಯಾರೋ ಬಳಸಿದ್ದಾರಲ್ಲ! ಆಮೇಲೆ ಸೈಕಲ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಫಿಟ್ಟರುಗಳ ಮಡ್‌ಗಾರ್ಡುಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಕಂಪ್ಯೂಟರಿಗೆ ಕೀಲಿಯಿತ್ತು, ಸ್ಕೂಟರಿಗಿದ್ದಂತೆ. ಎರಡು ಕೀಗಳನ್ನೂ ಕಳೆಯಬಾರದೆಂದು ದಾರದಿಂದ ಅದೇ ಕಂಪ್ಯೂಟರಿನ ಬೆನ್ನಿಗೆ ಕಟ್ಟಿಟ್ಟಿದ್ದೆವು. ಪಾಸ್‌ವರ್ಡ್ ಕೂಡ ಇತ್ತು. ಅದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಟೀ ತರುವಾತನಿಗೂ ಕಾಣುವಷ್ಟು ದೊಡ್ಡದಾಗಿ ಬರೆದಿತ್ತು: ಗೋಲ್ಡ್. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಹಳೆಯ ಕಂಪ್ಯೂಟರೊಂದಿತ್ತು. ಅದರ ಹೊಟ್ಟೆಯಲ್ಲಿ ಏನನ್ನೂ ಉಳಿಸಿಡಲು ಜಾಗವಿಲ್ಲ, ಎರಡು ಫ್ಲಾಪಿ ಬಾಯಿ ಮಾತ್ರ. ಅದರ ಮೇಲೆ ಯಾರೋ ಲೇತ್ ಒರೆಸುವ ಬಟ್ಟೆಯ ಮೂಟೆ ಇಟ್ಟಿದ್ದರು.

ಇಷ್ಟೆಲ್ಲ ಇದ್ದೂ ನಾನು ಬೆಂಗಳೂರಿನ ಕಡೆ ಮುಖ ಮಾಡಿ ನಿಂತಿದ್ದೆನಲ್ಲ! ಅವತ್ತು ಸಂಜೆ ಇವನ್ನು ಹೇಗೆ ಕೆಲಸಕ್ಕೆ ಹಚ್ಚುವುದೆಂದು ಯೋಚಿಸುತ್ತ ಗೇಟಿಗೆ ಬಂದೆ. ಅಲ್ಲಿ ಮುನಿಸಾಮಿ ಎಂದಿನಂತೆ ನನ್ನ ಚೀಲ ಇಸಿದುಕೊಂಡು, ಊಟದ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಜೇಬು ತಟ್ಟಿ, ಚಪ್ಪಲಿ ಬಿಚ್ಚಿಸಿದ.

ಮುನಿಸಾಮಿ ನಮ್ಮ ಗೇಟಿನ ಕಾವಲುಗಾರ. ಮೂವತ್ತು ವರ್ಷ ಚಿನ್ನದ ಗಣಿಯ ಗೇಟಿನಲ್ಲಿ, ಶಿಫ್ಟು ಮುಗಿಸಿ ಮೇಲೆ ಬಂದವರ ಮೈ ತಡವಿ ನಿವೃತ್ತನಾದವನು. ನಮ್ಮಲ್ಲಿ ಕದಿಯಲು ಚಿನ್ನವಿರಲಿಲ್ಲ. ಆದರೂ ಅವನು ಹೊರಗೆ ಹೋಗುವ ಎಂಬತ್ತೂ ಜನರ ಚಪ್ಪಲಿ ಬಿಚ್ಚಿಸದೆ ಬಿಡುತ್ತಿರಲಿಲ್ಲ. ಈ ಊರಿನ ರೂಢಿಯೇ ಅದು. ಹೊರಗೆ ಹೋಗುವವನು ಕಳ್ಳ, ಒಳಗೆ ಬರುವವನು ಪಾಪ, ದುಡಿಯಲು ಬಂದವನು.

"ಮುನಿಸಾಮಿ, ಒಳಗೆ ಬರೋವಾಗ ಯಾಕೆ ನೋಡಲ್ಲ?" ಎಂದೆ.

ಅವನು ನನ್ನನ್ನು ಮರುಕದಿಂದ ನೋಡಿದ. "ಎನ್ನಾ ಸಾರ್ ನೀವು! ಉಳ್ಳೆ ಬರೋವ್ನು ಏನು ತರ್ತಾನೆ? ಡಬ್ಬಿ ತರ್ತಾನೆ, ಹಸಿವು ತರ್ತಾನೆ. ವೆಳಿಯೆ ಹೋಗೋವ್ನೇ ಸಾರ್ ಆಪತ್ತು."

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಾನು ನಿಂತುಬಿಟ್ಟೆ. ಜಾತಕದ ಫ್ಲಾಪಿ ಇದೇ ಗೇಟಿನಲ್ಲಿ, ನನ್ನ ಶರ್ಟಿನೊಳಗೆ, ಮುನಿಸಾಮಿಯ ಸಲಾಮು ತೆಗೆದುಕೊಂಡು ಒಳಗೆ ಬಂದಿತ್ತು. ನಮ್ಮ ಅತ್ಯುತ್ತಮ ರಕ್ಷಣಾ ಸಾಧನ ಬೀರುವಿನಲ್ಲಿರಲಿಲ್ಲ. ಇಲ್ಲಿ ಸ್ಟೂಲಿನ ಮೇಲೆ ಕೂತಿತ್ತು, ಬೆನ್ನು ಮಾತ್ರ ಆ ಕಡೆ ಮಾಡಿಕೊಂಡು.

ಮರುದಿನ ರತ್ನಮ್ಮನಿಗೆ ಇದನ್ನು ಹೇಳಿದರೆ ಅವಳು ಪಕಪಕ ನಕ್ಕಳು. "ಇದ್ಕೆ ಇಷ್ಟು ದಿನ ಬೇಕಾಯ್ತಾ ಸಾ? ಸಂತೇಲಿ ಎಮ್ಮೆ ತಂದ್ರೆ ಯಾವನಾದ್ರೂ ಸೀದಾ ಕೊಟ್ಟಿಗೇಗೆ ಕಟ್ತಾನಾ? ಹದ್ನೈದು ದಿನ ಉಣಿಸೆ ಮರದ ಕೆಳ್ಗೆ ಬೇರೆ ಕಟ್ತೀವಿ. ಕಾಲು, ಬಾಯಿ ನೋಡಿ ಆಮೇಕೆ ಒಳೀಕೆ."

"ನಮಗೆ ಹುಣಿಸೆ ಮರ ಎಲ್ಲಿ ರತ್ನಮ್ಮ?"

ಅವಳು ಮೂಲೆಯ ಹಳೆಯ ಯಂತ್ರದ ಕಡೆ ಗದ್ದ ತೋರಿಸಿದಳು. "ಅದೇನ್ ಅಲ್ಲಿ ಕುಂತಿರೋದು?"

ಹೀಗೆ ಹಳೆಯ ಕಂಪ್ಯೂಟರು ಗೇಟಿನ ಪಕ್ಕದ ಮುನಿಸಾಮಿಯ ಗುಡಿಸಲಿಗೆ ಹೋಯಿತು. ಒಂದು ಬಾಯಿಗೆ ವೈರಸ್ ಹಿಡಿಯುವ ಫ್ಲಾಪಿ, ಅದರ ಅಂಚಿಗೆ ಬೆಳ್ಳಿ ಚೀಟಿ. ಇನ್ನೊಂದು ಬಾಯಿಗೆ ಹೊರಗಿನಿಂದ ಬಂದ ಫ್ಲಾಪಿ. ಮುನಿಸಾಮಿಗೆ ಇಂಗ್ಲಿಷ್ ಅಕ್ಷರ ಬಾರದು. ಹಾಗಾಗಿ 'ಒಂದು' ಎಂಬ ಅಂಕಿ ಒತ್ತಿ ಬಲಗಡೆಯ ದೊಡ್ಡ ಕೀ ತಟ್ಟಿದರೆ ಎಲ್ಲ ತಾನೇ ನಡೆಯುವ ಹಾಗೆ ಮಾಡಿಕೊಟ್ಟೆ. ಸುಮ್ಮನಿದ್ದರೆ ಒಳ್ಳೆಯದು, ಕುಯ್ಯೋ ಎಂದರೆ ಕೆಟ್ಟದ್ದು. ಮೊದಲ ದಿನ ಅವನು ಗಣಿಯ ಕಾಲದ ಹಿತ್ತಾಳೆ ಬಕಲಿನ ಬೆಲ್ಟು ಪಾಲಿಶ್ ಮಾಡಿ ಕಟ್ಟಿಕೊಂಡು ಬಂದ. ಗಣಿಗೆ ಇಳಿಯುವವರಿಗೆ ನಂಬರಿನ ಬಿಲ್ಲೆ ಕೊಡುವ ಪದ್ಧತಿಯಿತ್ತಲ್ಲ, ಅದನ್ನೂ ತಾನೇ ಜಾರಿಗೆ ತಂದ. ತಪಾಸಣೆಯಾದ ಒಂದೊಂದು ಫ್ಲಾಪಿಗೂ ಒಂದು ತಗಡಿನ ಬಿಲ್ಲೆ. ಬಿಲ್ಲೆಯಿಲ್ಲದ ಫ್ಲಾಪಿಯನ್ನು ರತ್ನಮ್ಮ ಮುಟ್ಟುವಂತಿಲ್ಲ. ಸಂಜೆ ಬಿಲ್ಲೆ ಗುಡಿಸಲಿನ ಮೊಳೆಗೆ ಮರಳದಿದ್ದರೆ ಮುನಿಸಾಮಿ ಮನೆಗೆ ಹೋಗುವಂತಿಲ್ಲ. "ಬಿಲ್ಲೆ ಬರಲಿಲ್ಲ ಅಂದ್ರೆ ಆಳು ಕೆಳಗೇ ಅವ್ನೆ ಅಂತ ಅರ್ಥ ಸಾರ್" ಎಂದು ಒಮ್ಮೆ ಹೇಳಿದ. ನಗಲು ಬಾಯಿ ತೆರೆದವನು ಅವನ ಮುಖ ನೋಡಿ, ಮೊಳೆಯಲ್ಲಿದ್ದ ಬಿಲ್ಲೆಗಳನ್ನು ಎಣಿಸತೊಡಗಿದೆ.

ಒಳಗಿನ ಯಂತ್ರಕ್ಕೂ ಅದೇ ಪ್ರೋಗ್ರಾಮು ಹಾಕಿ, ಕೂತಿದ್ದ ವೈರಸ್ಸಿನ ಹೆಸರು ತಿಳಿದುಕೊಂಡು ಅದನ್ನು ಅಳಿಸಿದೆವು. ಗೋಡೆಯ ಗೋಲ್ಡ್ ಕೂಡ ಅಳಿಸಿದೆವು. ಹೊಸ ಪಾಸ್‌ವರ್ಡ್ ನನಗೂ ರತ್ನಮ್ಮನಿಗೂ ಮಾತ್ರ ಗೊತ್ತು. ಅದು ಅವಳ ಎಮ್ಮೆಯ ಹೆಸರು, ಇಂದಿಗೂ ನಾನು ಯಾರಿಗೂ ಹೇಳಿಲ್ಲ. ಕೀ ಒಂದು ನನ್ನ ಉಡಿದಾರದಲ್ಲಿ, ಇನ್ನೊಂದು ಅವಳ ತಾಳಿ ಸರದ ಪಿನ್ನಿನಲ್ಲಿ. ಪ್ರತಿ ಶನಿವಾರ ಪಟ್ಟಿಯ ನಕಲು ಇನ್ನೊಂದು ಜೊತೆ ಫ್ಲಾಪಿಗೆ ಇಳಿಸಿ, ಬೆಳ್ಳಿ ಚೀಟಿ ಅಂಟಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನಾನೇ ರೈಲಿನಲ್ಲಿ ಬಂಗಾರಪೇಟೆಯ ನನ್ನ ಮನೆಗೆ ಒಯ್ಯುತ್ತಿದ್ದೆ. ಮಡಿಲಲ್ಲಿ ಡಬ್ಬಿ, ಕೈಯಲ್ಲಿ ಡೈರಿ. ಎದುರಿನವರು ಅಸ್ಥಿ ಒಯ್ಯುತ್ತಿದ್ದೇನೆಂದು ಜಾಗ ಬಿಟ್ಟುಕೊಡುತ್ತಿದ್ದರು.

ಕಾರ್ಖಾನೆಯಲ್ಲಿ ಗೇಲಿಗೆ ಬರವೇನು? ಟರ್ನರ್ ಆರೋಗ್ಯದಾಸ್ ದಿನಾ ಬೆಳಗ್ಗೆ ಗೇಟಿನಲ್ಲಿ ಬಾಯಿ ತೆರೆದು, "ಡಾಕ್ಟರೇ, ನಂದೂ ಒಂದ್ಸಲ ನೋಡಿ, ಒಳಗೆ ಪೂಚಿ, ಹುಳ ಗಿಳ ಇದ್ಯಾ" ಎನ್ನುತ್ತಿದ್ದ. ಮುನಿಸಾಮಿ ಗಂಭೀರವಾಗಿ, "ಇದೆ. ನಾಲಿಗೆ" ಎನ್ನುತ್ತಿದ್ದ. ಜೂನ್ ಹೋಯಿತು, ಜುಲೈ ಹೋಯಿತು. ಗಾಳಿ ಎದ್ದು ದಿಬ್ಬದ ಪುಡಿ ಹಾರಿ ಮಧ್ಯಾಹ್ನಗಳೇ ಬೆಳ್ಳಗಾದವು. ರತ್ನಮ್ಮ ಕಿಟಕಿಗೆ ಒದ್ದೆ ಸೀರೆ ಕಟ್ಟಿ ಟೈಪ್ ಮಾಡಿದಳು. ಕಳೆದುಹೋದದ್ದನ್ನು ಮುಟ್ಟಿದಳು, ದಾಟಿದಳು. ದಿನದ ಕೊನೆಗೆ "ಇವತ್ತು ನೂರಾ ಹನ್ನೊಂದು, ಸಾ!" ಎನ್ನುವಾಗ ಅವಳ ದನಿಯಲ್ಲಿದ್ದ ಹಿಗ್ಗು ನನ್ನೊಳಗೂ ಇಳಿಯುತ್ತಿತ್ತು. ನಾನು ಉಗುರು ಕಚ್ಚುವುದನ್ನು ಮರೆತ ದಿನಗಳೂ ಇದ್ದವು. ಮರೆತದ್ದು ನೆನಪಾದ ಕೂಡಲೇ ಕಚ್ಚುತ್ತಿದ್ದೆ.

ಗಿರಾಕಿಗಳು ಬರಲು ಒಂದು ವಾರವಿತ್ತು. ಆ ಮಧ್ಯಾಹ್ನ ಧೋ ಎಂದು ಮಳೆ. ರಾಘವುಲು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಪಟ್ಟಿಯ ಹೊದಿಕೆ ಪುಟವನ್ನು ಅಂದವಾಗಿ ಮಾಡಿಸಿಕೊಂಡು, ಆ ಫ್ಲಾಪಿಯನ್ನು ತಾವೇ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ಗೇಟು ತೆರೆಯಲಿಲ್ಲ. ಹಾರನ್ ಮೇಲೆ ಹಾರನ್. ನಾನು ಕೊಡೆ ಹಿಡಿದು ಓಡಿದೆ, ಹಿಂದೆಯೇ ತಲೆಗೆ ಗೋಣಿ ಹೊದ್ದು ರತ್ನಮ್ಮ.

ಮುನಿಸಾಮಿ ಮಳೆಯಲ್ಲಿ ನೆನೆಯುತ್ತ ಕಾರಿನ ಕಿಟಕಿಗೆ ಬಗ್ಗಿ ಸಲಾಮು ಹೊಡೆದು ಕೇಳುತ್ತಿದ್ದ: "ಫ್ಲಾಪಿ ಇದೆಯಾ ಸಾರ್?"

"ಏಮಯ್ಯಾ! ನಾನೆವರು ಗೊತ್ತಾ ನಿನಗೆ?"

"ಗೊತ್ತು ಸಾರ್. ಮೊದಲಾಳಿ, ಓನರು. ಫ್ಲಾಪಿ ಯಾರು ಅಂತ ಗೊತ್ತಿಲ್ಲ ಸಾರ್."

ಡೈರಿಯಲ್ಲಿ ಇದು ಇರಲೇ ಇಲ್ಲ. ರಾಘವುಲು ಕೆಂಪಗಾಗಿ, ಕಾರಿನಿಂದ ಇಳಿದು, ಫ್ಲಾಪಿಯನ್ನು ಮುನಿಸಾಮಿಯ ಕೈಗೆ ಬಡಿದು ಗುಡಿಸಲಿಗೆ ನುಗ್ಗಿದರು. ಆ ಆರಡಿ ಗುಡಿಸಲಿನಲ್ಲಿ ನಾಲ್ಕು ಜನ ಒದ್ದೆಯಾಗಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು. ಮುನಿಸಾಮಿ ಫ್ಲಾಪಿಯನ್ನು ಅಂಗಿಯೊಳಗಿನ ಒಣ ಬನಿಯನ್ನಿಗೆ ಒರೆಸಿ, ಬಾಯಿಗೆ ಕೊಟ್ಟು, ಒಂದು ಒತ್ತಿ, ದೊಡ್ಡ ಕೀ ತಟ್ಟಿದ. ಯಂತ್ರ ಗರಗರ ಎಂದಿತು. ಸೂರಿನ ಮೇಲೆ ಮಳೆ. ಮತ್ತೆ ಗರಗರ.

ಕುಯ್ಯೋ!

ಅದು ಅಷ್ಟು ಗಟ್ಟಿಯಾಗಿ ಕೂಗಬಲ್ಲದೆಂದು ನನಗೂ ಗೊತ್ತಿರಲಿಲ್ಲ. ರತ್ನಮ್ಮ ನನ್ನ ತೋಳು ಹಿಡಿದು, "ಅದೇನಾ ಸಾ? ಅದೇನಾ?" ಎಂದಳು. ಪರದೆ ನೋಡಿದೆ. ಅದೇ. ಮೇ ತಿಂಗಳಲ್ಲಿ ಅವಳ ಒಂದೂವರೆ ತಿಂಗಳು ನುಂಗಿದ ಅದೇ ಹೆಸರು, ಕೆಂಪು ಅಕ್ಷರದಲ್ಲಿ. ಇದು ಒಳಗೆ ಹೋಗಿ ಯಂತ್ರದ ಬಾಯಿಗೆ ಬಿದ್ದಿದ್ದರೆ! ಆದರೆ ಬಿದ್ದಿರಲಿಲ್ಲ. ಅದು ಇಲ್ಲೇ, ಹುಣಿಸೆ ಮರದ ಕೆಳಗೇ ಸಿಕ್ಕಿಬಿದ್ದಿತ್ತು! ನಾನು ಕುಣಿದೆನಂತೆ. ನನಗೆ ನೆನಪಿಲ್ಲ, ರತ್ನಮ್ಮ ಹೇಳಿದ್ದು. ಕುಣಿಯುವಾಗ ಮಾಲೀಕರ ಕಾಲು ತುಳಿದೆನಂತೆ.

ರಾಘವುಲು ಪರದೆಗೆ ಬಗ್ಗಿದರು. "ನನ್ನ ಕಾರಲ್ಲೇ ಬಂದನಾ ಇವನು?"

"ಮುಂದಿನ ಸೀಟಲ್ಲಿ ಕೂತು ಬಂದವ್ನೆ ಸಾರ್" ಎಂದ ಮುನಿಸಾಮಿ.

ಮೊದಲು ನಕ್ಕವರು ಮಾಲೀಕರೇ. ಆಮೇಲೆ ಆ ಗುಡಿಸಲು ಉರುಳಿಬೀಳದಿದ್ದುದೇ ಹೆಚ್ಚು. ಅಂದಿನಿಂದ ಅವರು ಕಾರು ಗೇಟಿನ ಮುಂದೆ ತಾವಾಗಿಯೇ ನಿಲ್ಲಿಸಿ, ಎರಡೂ ಕೈ ಮೇಲೆತ್ತಿ, "ನೋಡ್ಕೋ ನಾಯನಾ" ಎನ್ನತೊಡಗಿದರು. ಮಾಲೀಕರೇ ಕೈ ಎತ್ತಿದ ಮೇಲೆ ಆರೋಗ್ಯದಾಸ್ ಬಾಯಿ ಮುಚ್ಚಿದ.

ಗಿರಾಕಿ ಕಂಪನಿಯವರು ಹೇಳಿದ ದಿನಕ್ಕೇ ಬಂದರು, ಇಬ್ಬರು. ಅವರ ಚೀಲದಲ್ಲಿದ್ದ ಎರಡು ಫ್ಲಾಪಿಗೂ ಬಿಲ್ಲೆ ಬಿತ್ತು. ಅವರಲ್ಲಿ ಕನ್ನಡಕ ಹಾಕಿದ್ದವರು ಮುನಿಸಾಮಿಯ ಕೆಲಸವನ್ನು ಬಗ್ಗಿ ನೋಡಿ, ಇಂಥದ್ದು ನಮ್ಮ ದೊಡ್ಡ ಆಫೀಸಿನಲ್ಲೂ ಇಲ್ಲವಲ್ಲ ಎಂದರು. ಒಳಗೆ ಬಂದು ಒಂದು ನಂಬರು ಕೇಳಿದರು. ರತ್ನಮ್ಮನ ಬೆರಳು ಓಡಿತು, ಭಾಗದ ಹೆಸರು, ಅಳತೆ, ಯಾವ ಯಂತ್ರಕ್ಕೆ, ಎಲ್ಲ ಪರದೆಗೆ ಬಂತು. ಇನ್ನೊಂದು ಕೇಳಿದರು. ಬಂತು. ಬೇಕೆಂದೇ ಇಲ್ಲದ ನಂಬರೊಂದನ್ನು ಕೇಳಿದರು. ಅವಳು ಕೀಲಿಮಣೆ ಮುಟ್ಟದೆಯೇ, "ಆ ನಂಬರು ನಮ್ಮಲ್ಲಿ ಇಲ್ಲ ಸಾರ್. ಇಂದ್ಲದ್ದು ಐತೆ, ಮುಂದ್ಲದ್ದು ಐತೆ" ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಗಿಲ ಹಿಂದೆ ನಿಂತು, ಕರೆಂಟು ಹೋಗುತ್ತದೆ, ಈಗ ಹೋಗುತ್ತದೆ ಎಂದು ಬಲ್ಬನ್ನೇ ದಿಟ್ಟಿಸುತ್ತಿದ್ದೆ. ಕೋರಮಂಡಲ್‌ನ ಇತಿಹಾಸದಲ್ಲೇ ಕರೆಂಟು ಹೋಗದ ದಿನ ಅದೊಂದೇ ಇರಬೇಕು.

ಅವರು ಒಪ್ಪಿದರು. ಅವರ ಕಾರು ಗೇಟು ದಾಟಿದ್ದೇ ರಾಘವುಲು ಕೋಣೆಗೆ ಬಂದು, "ವಾಸೂ, ಈಗಲೇ! ಈ ನಿಮಿಷ! ರತ್ನಮ್ಮಂದು ಪರ್ಮನೆಂಟ್ ಆರ್ಡರ್ ಟೈಪ್ ಮಾಡು" ಎಂದರು. ಟೈಪ್ ಮಾಡುವವಳೇ ಅವಳು, ತನ್ನ ಆರ್ಡರನ್ನು ತಾನೇ ಹೇಗೆ ಮಾಡಿಕೊಂಡಾಳು? ನಾನೇ ಕೂತೆ. ಹಿಂದೆ ಇಡೀ ಕಾರ್ಖಾನೆ ಗುಂಪುಗೂಡಿತ್ತು. ರತ್ನಮ್ಮ ಸೆರಗಿನ ಅಂಚು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ನನ್ನ ಕಣ್ಣು ಮಂಜಾಗಿತ್ತು, ಆದರೂ ಒಂದೊಂದೇ ಅಕ್ಷರ ಒತ್ತಿ ಇಂಗ್ಲಿಷಿನಲ್ಲಿ ಐದು ಸಾಲು ಮುಗಿಸಿದೆ. ಪ್ರಿಂಟರು ಕರಕರ ಎಂದು ಹಾಳೆ ಉಗುಳಿತು. ಮಾಲೀಕರು ನೋಡದೆ ಸಹಿ ಜಡಿದರು. ಚಪ್ಪಾಳೆ.

ಗಲಾಟೆ ಕಡಿಮೆಯಾದ ಮೇಲೆ ರತ್ನಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು. ಮೊದಲ ಸಾಲಿನಲ್ಲೇ ಬೆರಳು ನಿಂತಿತು.

"ಸಾ, ಇಲ್ಲಿ ಮಿಸ್ಟರ್ ರತ್ನಮ್ಮ ಅಂತ ಐತೆ."

"ಕೊಡು ಕೊಡು, ತಿದ್ದಿ ಬೇರೆ ತೆಗೀತೀನಿ" ಎಂದು ಕೈ ಚಾಚಿದೆ. ಅವಳು ಹಾಳೆಯನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಸಾ. ಸಯ್ನಾಗೈತೆ. ಮಿಸ್ಟರ್ ಆದ್ರೆ ಆಗ್ಲಿ ಬಿಡಿ, ಪರ್ಮನೆಂಟ್ ಅನ್ನೋದು ಸರಿಯಾಗೈತಲ್ಲ!"